ಒಂದು ವಾರದ ಡ್ರೋನ್ ಕೋರ್ಸ್ ಮುಗಿಸಿದರೆ ಸರ್ವೆಯರ್ ಆಗಬಹುದೇ?

‘ಹತ್ತನೇ ತರಗತಿ ಪಾಸಾದವರಿಗೆ ಸುವರ್ಣಾವಕಾಶ. ಒಂದೇ ವಾರದಲ್ಲಿ ಡ್ರೋನ್ ಸರ್ವೆ ಸರ್ಟಿಫಿಕೇಟ್. ಜಮೀನು ಅಳತೆ ಕೆಲಸ ಗ್ಯಾರಂಟಿ. ಎಲ್ಲ ಗ್ರೂಪುಗಳಿಗೂ ಕಳಿಸಿ.’ ಈ ಧಾಟಿಯ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಮಗನಿಗೋ ಮಗಳಿಗೋ ಒಂದು ದಾರಿಯಾದೀತು ಎಂದು ಸಾಲ ಮಾಡಿ ಫೀಸು ಕಟ್ಟುವ ಮೊದಲು ಇದನ್ನೊಮ್ಮೆ ಓದಿ.

ಇದರಲ್ಲಿ ಅರ್ಧ ನಿಜವಿದೆ. ಇಂಥ ಸಂದೇಶಗಳ ಅಪಾಯ ಇರುವುದೂ ಆ ಅರ್ಧ ನಿಜದಲ್ಲೇ.

ಮೊದಲು ನಿಜವನ್ನು ನೋಡೋಣ. 2021ರ ಡ್ರೋನ್ ನಿಯಮಗಳ ಪ್ರಕಾರ, ಹತ್ತನೇ ತರಗತಿ ಪಾಸಾದ, 18ರಿಂದ 65 ವರ್ಷದೊಳಗಿನ ಯಾರೇ ಆದರೂ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಮಾನ್ಯತೆ ಕೊಟ್ಟಿರುವ ಶಾಲೆಯಲ್ಲಿ ತರಬೇತಿ ಪಡೆದು ರಿಮೋಟ್ ಪೈಲಟ್ ಸರ್ಟಿಫಿಕೇಟ್ ಪಡೆಯಬಹುದು. ಈ ತರಬೇತಿಗೆ ಸಾಮಾನ್ಯವಾಗಿ ಒಂದು ವಾರದ ಆಸುಪಾಸು ಸಾಕಾಗುತ್ತದೆ. ಸರ್ಟಿಫಿಕೇಟ್ ಅಸಲಿ, ಕಾನೂನಿನ ಮಾನ್ಯತೆಯೂ ಇದೆ. ಆದರೆ ಅದು ಹೇಳುವುದು ಇಷ್ಟೇ: ಈ ವ್ಯಕ್ತಿಗೆ ಡ್ರೋನನ್ನು ಸುರಕ್ಷಿತವಾಗಿ ಹಾರಿಸಿ ಇಳಿಸಲು ಬರುತ್ತದೆ. ಡ್ರೋನ್ ತೆಗೆದ ಫೋಟೊದಿಂದ ಅಳತೆ ತೆಗೆಯಲು ಬರುತ್ತದೆ ಎಂದು ಅದರಲ್ಲಿ ಎಲ್ಲೂ ಇಲ್ಲ. ಲಾರಿ ಓಡಿಸುವ ಲೈಸೆನ್ಸ್ ಇದ್ದವರನ್ನು ಲಾರಿಯಲ್ಲಿರುವ ಅಕ್ಕಿಯ ತೂಕಕ್ಕೆ ಹೊಣೆ ಮಾಡಲಾಗುವುದಿಲ್ಲವಲ್ಲ, ಹಾಗೆ.

ಫೋಟೊದಿಂದ ಅಳತೆ ತೆಗೆಯುವ ವಿದ್ಯೆಯ ಹೆಸರು ಫೋಟೊಗ್ರಾಮೆಟ್ರಿ. ಅದನ್ನು ವಿಶ್ವವಿದ್ಯಾಲಯಗಳಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಏಕೆ ಕಲಿಸುತ್ತಾರೆ ಎಂಬುದು ಅರ್ಥವಾದರೆ, ಮೇಲಿನ ಸಂದೇಶದ ಉಳಿದರ್ಧ ಸುಳ್ಳು ತಾನಾಗಿಯೇ ಗೊತ್ತಾಗುತ್ತದೆ.

ಫೋಟೊ ಸುಳ್ಳು ಹೇಳುತ್ತದೆಯೇ?

ಹೇಳುತ್ತದೆ. ಲೆಕ್ಕ ಹಾಕಿಯೇ ತೋರಿಸುತ್ತೇವೆ.

ಡ್ರೋನ್ ನೆಲದಿಂದ 100 ಮೀಟರ್ ಎತ್ತರದಲ್ಲಿ ನಿಂತು ನೇರ ಕೆಳಗೆ ನೋಡಿ ಫೋಟೊ ತೆಗೆಯುತ್ತಿದೆ ಎಂದುಕೊಳ್ಳಿ. ಡ್ರೋನಿನ ಕೆಳಗಿನ ಜಾಗದಿಂದ 60 ಮೀಟರ್ ಆಚೆ 20 ಮೀಟರ್ ಎತ್ತರದ ಒಂದು ತೆಂಗಿನ ಮರವಿದೆ. ಕ್ಯಾಮೆರಾದಿಂದ ಮರದ ಸುಳಿಯವರೆಗೆ ಒಂದು ಗೆರೆ ಎಳೆದು ಅದನ್ನು ಹಾಗೆಯೇ ಮುಂದುವರಿಸಿ. ಆ ಗೆರೆ ನೆಲ ಮುಟ್ಟುವುದು 75 ಮೀಟರ್ ದೂರದಲ್ಲಿ. ಫೋಟೊದಲ್ಲಿ ಮರದ ಬುಡ ಇದ್ದ ಜಾಗದಲ್ಲೇ ಇರುತ್ತದೆ, ಸುಳಿ ಮಾತ್ರ 15 ಮೀಟರ್ ಹೊರಕ್ಕೆ ವಾಲಿ ಬಿದ್ದಂತೆ ಕಾಣುತ್ತದೆ. ನಿಮ್ಮ ತೋಟದ ಮರ ಪಕ್ಕದವರ ಜಮೀನಿನಲ್ಲಿ!

ಮರದ ವಿಷಯ ಹೋಗಲಿ, ಮನೆಯನ್ನು ನೋಡಿ. ಅದೇ 60 ಮೀಟರ್ ದೂರದಲ್ಲಿ 4 ಮೀಟರ್ ಎತ್ತರದ ತಾರಸಿ ಮನೆ ಇದ್ದರೆ ತಾರಸಿಯ ಅಂಚು ಎರಡೂವರೆ ಮೀಟರ್ ಹೊರಗೆ ಸರಿದು ಕಾಣುತ್ತದೆ. ಎರಡೂವರೆ ಮೀಟರ್ ಎಂದರೆ ಎಂಟು ಅಡಿ. ಹಳ್ಳಿಯ ಓಣಿಗಳಲ್ಲಿ ಎರಡು ಮನೆಗಳ ನಡುವೆ ಎಂಟು ಅಡಿ ಜಾಗ ಎಲ್ಲಿರುತ್ತದೆ? ಒಂದು ಅಡಿಗೆ ಕೋರ್ಟಿಗೆ ಹೋದ ಅಣ್ಣತಮ್ಮಂದಿರು ನಮ್ಮಲ್ಲಿ ಎಷ್ಟಿಲ್ಲ! ಹಾಗಾಗಿ ‘ಡ್ರೋನ್ ಫೋಟೊದಲ್ಲಿ ಕಾಣುತ್ತಿದೆ ನೋಡಿ, ನಿಮ್ಮ ಗೋಡೆ ನಮ್ಮ ಜಾಗಕ್ಕೆ ಬಂದಿದೆ’ ಎಂದು ಯಾರಾದರೂ ಒಂದು ಫೋಟೊ ಹಿಡಿದು ಬಂದರೆ ತಕ್ಷಣ ಒಪ್ಪಬೇಡಿ. ಆ ಫೋಟೊದ ವಾಲಿಕೆಯನ್ನು ಸರಿಪಡಿಸಲಾಗಿದೆಯೇ ಎಂದು ಕೇಳಿ. ಹಾಗೆ ಸರಿಪಡಿಸಿ, ಎಲ್ಲ ಕಡೆ ಒಂದೇ ಅಳತೆಗೆ ತಂದ ಚಿತ್ರಕ್ಕೆ ಆರ್ಥೋಫೋಟೊ ಎನ್ನುತ್ತಾರೆ. ಅದರ ಮೇಲೆ ಸ್ಕೇಲಿಟ್ಟು ಅಳೆಯಬಹುದು. ಬರೀ ಫೋಟೊದ ಮೇಲೆ ಅಳೆಯಲಾಗದು.

ಸರಿಪಡಿಸುವುದು ಹೇಗೆ? ಹೆಬ್ಬೆರಳನ್ನು ಮುಖದ ಮುಂದೆ ಹಿಡಿದು ಒಮ್ಮೆ ಎಡಗಣ್ಣು, ಒಮ್ಮೆ ಬಲಗಣ್ಣು ಮುಚ್ಚಿ ನೋಡಿ. ಬೆರಳು ಆಚೆ ಈಚೆ ಜಿಗಿಯುತ್ತದೆ, ಹಿಂದಿನ ಗೋಡೆ ಅಷ್ಟಾಗಿ ಅಲುಗುವುದಿಲ್ಲ. ಹತ್ತಿರದ್ದು ಹೆಚ್ಚು ಸರಿಯುತ್ತದೆ, ದೂರದ್ದು ಕಡಿಮೆ. ಮಿದುಳು ಈ ವ್ಯತ್ಯಾಸದಿಂದಲೇ ದೂರವನ್ನು ಅಂದಾಜು ಮಾಡುತ್ತದೆ. ಡ್ರೋನ್ ಹಾರುತ್ತಾ ಒಂದೇ ಜಾಗವನ್ನು ಹಲವು ಕಡೆಯಿಂದ ತೆಗೆಯುತ್ತದೆ. ಒಂದು ಫೋಟೊದಲ್ಲಿರುವುದರ ಮುಕ್ಕಾಲು ಪಾಲು ಮುಂದಿನ ಫೋಟೊದಲ್ಲೂ ಇರುವಂತೆ ನೋಡಿಕೊಳ್ಳುತ್ತಾರೆ. ಮರದ ಸುಳಿ ಯಾವ ಫೋಟೊದಲ್ಲಿ ಎಷ್ಟು ವಾಲಿದೆ ಎಂಬುದನ್ನು ಹೋಲಿಸಿದರೆ ಅದರ ಎತ್ತರ ಸಿಗುತ್ತದೆ. ಎತ್ತರ ಸಿಕ್ಕಿದರೆ ವಾಲಿಕೆಯನ್ನು ತೆಗೆದುಹಾಕಬಹುದು. ಮೂಲ ತತ್ವ ಇಷ್ಟೇ.

ಈ ಯೋಚನೆ ಡ್ರೋನಿಗಿಂತ, ವಿಮಾನಕ್ಕಿಂತಲೂ ಹಳೆಯದು. 1858ರಲ್ಲಿ ಜರ್ಮನಿಯ ವೆಟ್ಸ್‌ಲಾರ್ ಎಂಬ ಊರಿನ ದೊಡ್ಡ ಚರ್ಚನ್ನು ಹತ್ತಿ ಅಳೆಯುತ್ತಿದ್ದ ಆಲ್ಬ್ರೆಕ್ಟ್ ಮೈಡೆನ್‌ಬಾವರ್ ಎಂಬ ಯುವಕ ಮೇಲಿಂದ ಬೀಳುವುದರಲ್ಲಿದ್ದ. ಮೇಲೆ ಹತ್ತದೆ ಫೋಟೊ ತೆಗೆದೇ ಅಳೆಯಬಾರದೇಕೆ ಎಂದು ಅವನಿಗೆ ಹೊಳೆದದ್ದು ಆಗಲೇ. ಫೋಟೊಗ್ರಾಮೆಟ್ರಿ ಎಂಬ ಪದ 1867ರಲ್ಲಿ ಅವನ ಲೇಖನದಲ್ಲೇ ಮೊದಲು ಅಚ್ಚಾಯಿತು. ಫ್ರಾನ್ಸಿನ ಸೈನ್ಯಾಧಿಕಾರಿ ಎಮೆ ಲೋಸೆದಾ ಅದೇ ಕಾಲದಲ್ಲಿ ಫೋಟೊಗಳಿಂದ ಭೂಪಟ ಮಾಡುವ ಪ್ರಯೋಗದಲ್ಲಿದ್ದ. ಇದನ್ನು ಕಲಿಸುವ ಪರಂಪರೆಗೂ ಶತಮಾನ ದಾಟಿದೆ. ಜರ್ಮನಿಯ ಯೇನಾದಲ್ಲಿ 1909ರಲ್ಲಿ ರಜೆಯ ಕೋರ್ಸಾಗಿ ಆರಂಭವಾದದ್ದೇ ಮುಂದೆ ‘ಫೋಟೊಗ್ರಾಮೆಟ್ರಿ ವಾರ’ ಎಂದು ಹೆಸರಾಯಿತು.

ಸಾಫ್ಟ್‌ವೇರ್ ಎಲ್ಲ ಮಾಡುತ್ತದಲ್ಲ?

ಈಗಿನ ಸಾಫ್ಟ್‌ವೇರ್‌ಗೆ ಫೋಟೊಗಳನ್ನು ತುಂಬಿ ಒಂದು ಬಟನ್ ಒತ್ತಿದರೆ ಕೆಲವು ಗಂಟೆಗಳಲ್ಲಿ ಚಂದದ ನಕ್ಷೆ ಬರುತ್ತದೆ. ತಪ್ಪು ಫೋಟೊ ಕೊಟ್ಟರೂ ಚಂದದ ನಕ್ಷೆಯೇ ಬರುತ್ತದೆ. ಹಳೆಯ ಕಾಲದಲ್ಲಿ ಲೆಕ್ಕ ತಪ್ಪಿದರೆ ನಕ್ಷೆ ಜೋಡಣೆಯೇ ಆಗುತ್ತಿರಲಿಲ್ಲ, ತಪ್ಪು ಕಣ್ಣಿಗೆ ರಾಚುತ್ತಿತ್ತು. ಈಗ ತಪ್ಪು ಬಣ್ಣದ ಹೊದಿಕೆಯ ಕೆಳಗೆ ಕೂತಿರುತ್ತದೆ. ಅದನ್ನು ಹುಡುಕಲು ಬಲ್ಲವರೇ ಕಲಿತವರು.

ಒಂದು ಉದಾಹರಣೆ ಕೊಡುತ್ತೇವೆ. ಡ್ರೋನ್ ಒಂದೇ ಎತ್ತರದಲ್ಲಿ, ಒಂದೇ ಸಮ ಕೆಳಗೇ ನೋಡುತ್ತಾ, ನೇಗಿಲ ಸಾಲಿನಂತೆ ಹೋಗಿ ಬಂದು ಫೋಟೊ ತೆಗೆದರೆ, ಲೆನ್ಸಿನ ಸಣ್ಣ ಸೊಟ್ಟತನವನ್ನು ಸಾಫ್ಟ್‌ವೇರ್ ಸರಿಯಾಗಿ ಗುರುತಿಸಲಾರದೆ ಹೋಗಬಹುದು. ಆಗ ಸಮತಟ್ಟಾದ ಗದ್ದೆ ನಕ್ಷೆಯಲ್ಲಿ ಬೋಗುಣಿಯಂತೆ ತಗ್ಗಾಗಿ ಅಥವಾ ಅದನ್ನು ಮಗುಚಿಟ್ಟಂತೆ ಉಬ್ಬಿ ಬರುತ್ತದೆ. ಮೇಲಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಆ ನಕ್ಷೆ ನಂಬಿ ಕಾಲುವೆ ತೋಡಿದರೆ ನೀರೇ ಹೇಳುತ್ತದೆ. ಒಂದಷ್ಟು ಫೋಟೊಗಳನ್ನು ಓರೆಯಾಗಿ ತೆಗೆಯುವುದು, ನೆಲದ ಮೇಲೆ ಅಳೆದ ಗುರುತುಗಳನ್ನು ಎಲ್ಲ ಕಡೆ ಹರಡುವುದು ಇದಕ್ಕೆ ಪರಿಹಾರ.

ಎತ್ತರದ ವಿಷಯದಲ್ಲಿ ಇನ್ನೂ ಒಂದು ಗುಂಡಿಯಿದೆ. ಉಪಗ್ರಹಗಳಿಂದ ಡ್ರೋನಿಗೆ ಸಿಗುವ ಎತ್ತರ, ಭೂಮಿಯನ್ನು ನುಣುಪಾದ, ತುಸು ಚಪ್ಪಟೆಯಾದ ಗೋಳವೆಂದು ಭಾವಿಸಿ ಅಳೆದದ್ದು. ನಾವು ‘ಸಮುದ್ರ ಮಟ್ಟದಿಂದ ಇಷ್ಟು ಮೀಟರ್’ ಎನ್ನುವುದು ಬೇರೆ. ಬೆಂಗಳೂರಿನಲ್ಲಿ ಇವೆರಡರ ನಡುವಿನ ವ್ಯತ್ಯಾಸ 80 ಮೀಟರಿಗೂ ಹೆಚ್ಚು. ಯಾರೂ ತಪ್ಪು ಅಳೆದಿಲ್ಲ, ಎರಡೂ ಸರಿ. ಆದರೆ ಒಂದು ನಕ್ಷೆಯಲ್ಲಿ ಒಂದು ಲೆಕ್ಕ, ಇನ್ನೊಂದರಲ್ಲಿ ಇನ್ನೊಂದು ಲೆಕ್ಕ ಬಳಸಿ ಎರಡನ್ನೂ ಜೋಡಿಸಿದರೆ ಊರೇ ಗುಡ್ಡ ಹತ್ತುತ್ತದೆ. ಈ ವ್ಯತ್ಯಾಸವನ್ನು ಕಲಿಸುವ ವಿಷಯ ಜಿಯೋಡೆಸಿ. ಒಂದು ವಾರದ ಕೋರ್ಸಿನಲ್ಲಿ ಅದಕ್ಕೆ ಜಾಗ ಸಿಗುವುದು ಕಷ್ಟ.

ಫೋಟೊಗೆ ಗಾತ್ರವೂ ಗೊತ್ತಿರುವುದಿಲ್ಲ. ಆಟಿಕೆಯ ಮನೆ ಮತ್ತು ನಿಜವಾದ ಮನೆಯ ಫೋಟೊಗಳನ್ನು ಅಕ್ಕಪಕ್ಕ ಇಟ್ಟರೆ ಎರಡೂ ಒಂದೇ. ಹಾಗಾಗಿ ನೆಲದ ಮೇಲೆ ಕೆಲವು ಗುರುತುಗಳನ್ನು ಹಾಕಿ, ಅವುಗಳ ಜಾಗವನ್ನು ನಿಖರವಾದ ಉಪಕರಣದಿಂದ ಅಳೆದು ಲೆಕ್ಕಕ್ಕೆ ಸೇರಿಸುತ್ತಾರೆ. ಇವು ನಿಯಂತ್ರಣ ಬಿಂದುಗಳು. ನಮಗೆ ಹೆಚ್ಚು ಮುಖ್ಯ ಎನಿಸುವುದು ಇವಲ್ಲ, ಇನ್ನೊಂದು ಬಗೆಯ ಗುರುತುಗಳು. ಅವನ್ನೂ ಅಷ್ಟೇ ನಿಖರವಾಗಿ ಅಳೆಯುತ್ತಾರೆ, ಆದರೆ ಸಾಫ್ಟ್‌ವೇರ್‌ಗೆ ಹೇಳುವುದಿಲ್ಲ, ಬಚ್ಚಿಡುತ್ತಾರೆ. ನಕ್ಷೆ ಸಿದ್ಧವಾದ ಮೇಲೆ ಅವುಗಳನ್ನು ಹೊರತೆಗೆದು, ನಕ್ಷೆ ಹೇಳುವ ಜಾಗಕ್ಕೂ ನಿಜವಾದ ಜಾಗಕ್ಕೂ ಎಷ್ಟು ಅಂತರವಿದೆ ಎಂದು ನೋಡುತ್ತಾರೆ. ಪ್ರಶ್ನೆಪತ್ರಿಕೆ ಮೊದಲೇ ಗೊತ್ತಿದ್ದವನಿಗೆ ನೂರಕ್ಕೆ ನೂರು ಬಂದರೆ ಏನು ಬೆಲೆ? ಅದಕ್ಕೇ ಈ ಗುಟ್ಟು. ಈ ಪರೀಕ್ಷೆ ಮಾಡದೆ ‘ನಮ್ಮ ನಕ್ಷೆ ಸೆಂಟಿಮೀಟರ್ ಲೆಕ್ಕದಲ್ಲಿ ಕರಾರುವಾಕ್ಕು’ ಎಂದು ಯಾರಾದರೂ ಹೇಳಿದರೆ ಅದು ಬರೀ ಬಾಯಿಮಾತು.

ವಿಶ್ವವಿದ್ಯಾಲಯದ ಕಲಿಕೆಯ ಬಹುಪಾಲು ಇದೇ: ಎಷ್ಟು ತಪ್ಪಿದೆ ಎಂದು ಲೆಕ್ಕ ಹಾಕಿ ಹೇಳುವ ವಿದ್ಯೆ. ಅದಕ್ಕಾಗಿ ಮ್ಯಾಟ್ರಿಕ್ಸ್ ಗಣಿತ, ಸಂಖ್ಯಾಶಾಸ್ತ್ರ, ಲೆನ್ಸಿನ ಭೌತಶಾಸ್ತ್ರ, ಜಿಯೋಡೆಸಿ, ಬಿಸಿಲಿನಲ್ಲಿ ನಿಂತು ಮಾಡುವ ಸರ್ವೆ, ಇತ್ತೀಚೆಗೆ ಕಂಪ್ಯೂಟರ್ ಪ್ರೋಗ್ರಾಮಿಂಗ್ ಎಲ್ಲವೂ ಬೇಕಾಗುತ್ತದೆ.

ಹಾಗಾದರೆ ಎಲ್ಲಿ ಕಲಿಯುವುದು?

ನಮ್ಮ ದೇಶದಲ್ಲಿ ಇದಕ್ಕೆ ಹೆಸರಾದ ಜಾಗ ಡೆಹ್ರಾಡೂನ್. ಪ್ರಧಾನಿ ನೆಹರೂ 1957ರಲ್ಲಿ ನೆದರ್ಲೆಂಡ್ಸ್‌ಗೆ ಹೋಗಿದ್ದಾಗ ಅಲ್ಲಿನ ಐಟಿಸಿ ಎಂಬ ಸಂಸ್ಥೆಯ ಮಾದರಿ ಗಮನಕ್ಕೆ ಬಂತು. ವೈಮಾನಿಕ ಚಿತ್ರಗಳಿಂದ ನಕ್ಷೆ ಮಾಡುವುದನ್ನು ಹೊರದೇಶದವರಿಗೆ ಕಲಿಸಲೆಂದೇ 1950ರಲ್ಲಿ ಅದನ್ನು ಕಟ್ಟಿದವರು ವಿಲ್ಲೆಮ್ ಸ್ಕೆರ್ಮರ್‌ಹಾರ್ನ್. ಅವರೂ ಒಮ್ಮೆ ಆ ದೇಶದ ಪ್ರಧಾನಿಯಾಗಿದ್ದವರು, ಜೊತೆಗೆ ಸರ್ವೆ ವಿಷಯದ ಪ್ರೊಫೆಸರ್. ಐಟಿಸಿಯ ಸಹಯೋಗದಲ್ಲಿ 1966ರಲ್ಲಿ ಡೆಹ್ರಾಡೂನಿನಲ್ಲಿ ಭಾರತೀಯ ಸರ್ವೇಕ್ಷಣ ಇಲಾಖೆಯ ಅಡಿ ಒಂದು ಸಂಸ್ಥೆ ಶುರುವಾಯಿತು. ಅದೇ ಇಂದಿನ ಐಐಆರ್‌ಎಸ್. ಈಗ ಅದು ಇಸ್ರೋದ ಭಾಗ. ಕೆಲವು ವಾರಗಳ ತರಬೇತಿಯಿಂದ ಎರಡು ವರ್ಷದ ಎಂ.ಟೆಕ್‌ವರೆಗೆ ಅಲ್ಲಿ ಕೋರ್ಸುಗಳಿವೆ, ಫೋಟೊಗ್ರಾಮೆಟ್ರಿಗೆಂದೇ ಒಂದು ವಿಭಾಗವಿದೆ.

ಹೈದರಾಬಾದಿನ ಉಪ್ಪಲ್‌ನಲ್ಲಿ ಸರ್ವೇಕ್ಷಣ ಇಲಾಖೆಯದೇ ತರಬೇತಿ ಸಂಸ್ಥೆಯಿದೆ. ಇಲಾಖೆಯ ಸಿಬ್ಬಂದಿಗಷ್ಟೇ ಅಲ್ಲ, ಹೊರಗಿನವರಿಗೂ ಅಲ್ಲಿ ಕೋರ್ಸುಗಳಿವೆ. ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯದ ಗಿಂಡಿ ಕಾಲೇಜು 1794ರಲ್ಲಿ ಸರ್ವೆ ಶಾಲೆಯಾಗಿಯೇ ಹುಟ್ಟಿದ್ದು. ಅಲ್ಲಿ ಪಿಯುಸಿ ಮುಗಿಸಿದವರು ನೇರವಾಗಿ ಸೇರಬಹುದಾದ ಜಿಯೋಇನ್ಫರ್ಮ್ಯಾಟಿಕ್ಸ್ ಎಂಜಿನಿಯರಿಂಗ್ ಪದವಿಯಿದೆ. ರೂರ್ಕಿ, ಕಾನ್ಪುರ, ಮುಂಬೈ ಐಐಟಿಗಳಲ್ಲಿ ಸ್ನಾತಕೋತ್ತರ ಮಟ್ಟದಲ್ಲಿ ಕಲಿಯಬಹುದು. 2022ರಿಂದ ಗೇಟ್ ಪರೀಕ್ಷೆಯಲ್ಲಿ ಜಿಯೋಮ್ಯಾಟಿಕ್ಸ್ ಎಂಜಿನಿಯರಿಂಗ್ ಎಂಬ ಪ್ರತ್ಯೇಕ ಪತ್ರಿಕೆಯೇ ಇದೆ. ಇದು ಬಹಳ ಜನಕ್ಕೆ ಗೊತ್ತಿಲ್ಲ.

ಕರ್ನಾಟಕದಲ್ಲಿ? ಸಿವಿಲ್ ಎಂಜಿನಿಯರಿಂಗ್ ಓದುವವರಿಗೆ ಇದು ಸಾಮಾನ್ಯವಾಗಿ ಸರ್ವೆ ವಿಷಯದ ಒಂದು ಅಧ್ಯಾಯವಾಗಿ ಬಂದು ಹೋಗುತ್ತದೆ. ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಸೇರಿ ಕೆಲವು ಕಡೆ ಜಿಯೋಇನ್ಫರ್ಮ್ಯಾಟಿಕ್ಸ್ ಎಂ.ಎಸ್ಸಿ ಇದೆ. ಆದರೆ ಇಂಥ ಕೋರ್ಸುಗಳಲ್ಲಿ ಉಪಗ್ರಹ ಚಿತ್ರ ಮತ್ತು ಜಿಐಎಸ್‌ಗೆ ಸಿಗುವಷ್ಟು ಜಾಗ ಫೋಟೊಗ್ರಾಮೆಟ್ರಿಗೆ ಸಿಗುವುದು ಅಪರೂಪ. ಸೇರುವ ಮುನ್ನ ಪಠ್ಯಕ್ರಮ ತರಿಸಿ ಓದುವುದು ಒಳ್ಳೆಯದು.

ಇಷ್ಟು ದೊಡ್ಡ ದೇಶದಲ್ಲಿ ಕಲಿಸುವ ಜಾಗಗಳು ಇಷ್ಟೇ ಏಕೆ ಎಂದು ಅನಿಸಬಹುದು. ಅದಕ್ಕೊಂದು ಕಾರಣವಿದೆ. ಬಹಳ ವರ್ಷ ನಮ್ಮಲ್ಲಿ ಆಕಾಶದಿಂದ ಫೋಟೊ ತೆಗೆಯಲು ರಕ್ಷಣಾ ಸಚಿವಾಲಯದ ಅನುಮತಿ ಬೇಕಿತ್ತು, ತೆಗೆದ ಚಿತ್ರಗಳೂ ಸುಲಭವಾಗಿ ಹೊರಗೆ ಸಿಗುತ್ತಿರಲಿಲ್ಲ. ಚಿತ್ರವೇ ಇಲ್ಲದ ಕಾಲೇಜು ಚಿತ್ರದಿಂದ ಅಳೆಯುವುದನ್ನು ಹೇಗೆ ಕಲಿಸೀತು? 2021ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಭೂ ಮಾಹಿತಿ ಸಂಗ್ರಹದ ನಿಯಮಗಳನ್ನು ಸಡಿಲಿಸಿತು, ಅದೇ ವರ್ಷ ಆಗಸ್ಟಿನಲ್ಲಿ ಡ್ರೋನ್ ನಿಯಮಗಳೂ ಸಡಿಲವಾದವು. ಬಾಗಿಲು ಒಮ್ಮೆಲೇ ತೆರೆಯಿತು. ಕೆಲಸ ಬಂತು, ಕಲಿಸುವವರು ಸಾಲದಾದರು. ಆ ಖಾಲಿ ಜಾಗಕ್ಕೇ ‘ಒಂದು ವಾರದ’ ಜಾಹೀರಾತುಗಳು ನುಗ್ಗಿರುವುದು.

ಜಮೀನು ಅಳತೆ ಕೆಲಸದ ಮಾತು ನಿಜವೇ?

ಇಲ್ಲಿ ಎರಡು ವಿಷಯ ಕಲಸಿಹೋಗಿವೆ. 2020ರ ಏಪ್ರಿಲ್ 24ರಂದು ಘೋಷಣೆಯಾದ ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿಗಳ ಮೇಲೆ ಡ್ರೋನ್ ಹಾರಿಸಿ ಆಸ್ತಿ ಕಾರ್ಡ್ ಕೊಡುತ್ತಿರುವುದು ನಿಜ. ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಆದರೆ ಅದು ಗ್ರಾಮಠಾಣೆಯೊಳಗಿನ ಮನೆ, ನಿವೇಶನಗಳಿಗೆ ಮಾತ್ರ, ಹೊಲಗದ್ದೆಗಳಿಗಲ್ಲ. ನಕ್ಷೆ ಮಾಡುವ ತಾಂತ್ರಿಕ ಹೊಣೆ ಭಾರತೀಯ ಸರ್ವೇಕ್ಷಣ ಇಲಾಖೆಯದು. ಡ್ರೋನ್ ಬರುವ ಮುಂಚೆ ಊರಿನವರ ಎದುರಿಗೇ ಗಡಿಗಳ ಮೇಲೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುತ್ತಾರೆ. ಡ್ರೋನ್ ಗಡಿಯನ್ನು ತೀರ್ಮಾನಿಸುವುದಿಲ್ಲ, ಎಳೆದ ಸುಣ್ಣದ ಗೆರೆ ಎಲ್ಲಿದೆ ಎಂದು ತೋರಿಸುತ್ತದೆ ಅಷ್ಟೇ. ಗೆರೆ ತಪ್ಪಾಗಿದ್ದರೆ ನಕ್ಷೆಯೂ ತಪ್ಪೇ. ಆಮೇಲೆ ನಕ್ಷೆಯನ್ನು ಸ್ಥಳದಲ್ಲಿ ತಾಳೆ ನೋಡುತ್ತಾರೆ, ಆಕ್ಷೇಪಣೆ ಸಲ್ಲಿಸಲೂ ಅವಕಾಶವಿದೆ. ನಿಮ್ಮ ಊರಿನಲ್ಲಿ ಸುಣ್ಣ ಹಾಕುವ ದಿನ ಮನೆಯಲ್ಲಿರುವುದು ಡ್ರೋನ್ ನೋಡಲು ಮೈದಾನಕ್ಕೆ ಓಡುವುದಕ್ಕಿಂತ ಮುಖ್ಯ.

ಹೊಲದ ಹದ್ದುಬಸ್ತು, ಪೋಡಿ, 11-ಇ ನಕ್ಷೆ ಇವೆಲ್ಲ ಭೂಮಾಪನ ಇಲಾಖೆಯ ಸರ್ವೆಯರ್ ಅಥವಾ ಇಲಾಖೆಯಿಂದ ಪರವಾನಗಿ ಪಡೆದ ಭೂಮಾಪಕರು ಮಾಡಬೇಕಾದ ಕೆಲಸ. ಅವರ ಆಯ್ಕೆ, ತರಬೇತಿಗೆ ಇಲಾಖೆಯದೇ ಬೇರೆ ದಾರಿಯಿದೆ. ಡ್ರೋನ್ ಪೈಲಟ್ ಸರ್ಟಿಫಿಕೇಟ್ ತೋರಿಸಿ 11-ಇ ನಕ್ಷೆಗೆ ಸಹಿ ಹಾಕಲು ಬರುವುದಿಲ್ಲ. ಯಾರಾದರೂ ಹಾಗೆ ಹಾಕಿಕೊಟ್ಟರೆ ಆ ಕಾಗದ ನೋಂದಣಿ ಕಚೇರಿಯಲ್ಲಿ ನಡೆಯುವುದಿಲ್ಲ.

ಹಾಗಂತ ಕೆಲಸವೇ ಇಲ್ಲ ಎಂದಲ್ಲ. ಗಣಿಗಳನ್ನೇ ನೋಡಿ. 2021ರ ನವೆಂಬರಿನಲ್ಲಿ ತಿದ್ದುಪಡಿಯಾದ ಖನಿಜ ನಿಯಮಗಳ ಪ್ರಕಾರ, 50 ಹೆಕ್ಟೇರ್ ಅಥವಾ ಅದಕ್ಕಿಂತ ದೊಡ್ಡ ಗುತ್ತಿಗೆ ಇರುವವರು ಇಲ್ಲವೇ ವರ್ಷಕ್ಕೆ 10 ಲಕ್ಷ ಟನ್ನಿಗೆ ಕಡಿಮೆಯಿಲ್ಲದಂತೆ ಅಗೆಯುವ ಯೋಜನೆ ಹಾಕಿರುವವರು ಪ್ರತಿ ವರ್ಷ ಗಣಿಯ ಡ್ರೋನ್ ಚಿತ್ರಗಳನ್ನು ಸಲ್ಲಿಸಬೇಕು, ಗಡಿಯಾಚೆ 100 ಮೀಟರಿನವರೆಗೂ ಸೇರಿಸಿ. ಬಳ್ಳಾರಿ, ಸಂಡೂರಿನ ಕಡೆಯವರಿಗೆ ಆ 100 ಮೀಟರ್ ಏಕೆ ಎಂದು ಬಿಡಿಸಿ ಹೇಳಬೇಕಿಲ್ಲ. ಎಷ್ಟು ಅದಿರು ಹೋಗಿದೆ ಎಂಬುದನ್ನು ಹಿಂದಿನ ವರ್ಷದ ಮೇಲ್ಮೈಯಿಂದ ಈ ವರ್ಷದ್ದನ್ನು ಕಳೆದು ಲೆಕ್ಕ ಹಾಕಬಹುದು. ಹತ್ತು ಹೆಕ್ಟೇರ್ ಗಣಿಯಲ್ಲಿ ಎತ್ತರದ ಲೆಕ್ಕ ಬರೀ 10 ಸೆಂಟಿಮೀಟರ್ ತಪ್ಪಿದರೆ 10,000 ಘನ ಮೀಟರ್ ಮಣ್ಣು ಕಾಗದದ ಮೇಲೆ ಹುಟ್ಟುತ್ತದೆ ಅಥವಾ ಮಾಯವಾಗುತ್ತದೆ! ಇಂಥ ಕಡೆ ಡ್ರೋನ್ ಹಾರಿಸುವವರಿಗೆ ಒಂದು ಸಂಬಳ, ಈ 10 ಸೆಂಟಿಮೀಟರಿಗೆ ಹೊಣೆ ಹೊರುವವರಿಗೆ ಇನ್ನೊಂದು ಸಂಬಳ. ರಸ್ತೆ, ಅಣೆಕಟ್ಟು, ನಗರ ನಕ್ಷೆ, ಹಂಪಿಯಂಥ ಜಾಗಗಳ ದಾಖಲೀಕರಣ ಎಲ್ಲದರಲ್ಲೂ ಹೀಗೆಯೇ.

ಫೀಸು ಕಟ್ಟುವ ಮೊದಲು

ಕೋರ್ಸಿನವರಿಗೆ ಫೋನ್ ಮಾಡಿ ಎರಡು ಪ್ರಶ್ನೆ ಕೇಳಿ. ಸರ್ಟಿಫಿಕೇಟ್ ಯಾರು ಕೊಡುತ್ತಾರೆ? ಪೈಲಟ್ ಸರ್ಟಿಫಿಕೇಟ್ ಆದರೆ ಆ ಶಾಲೆಯ ಹೆಸರು ಡಿಜಿಸಿಎ ಮಾನ್ಯತೆ ಕೊಟ್ಟಿರುವ ಶಾಲೆಗಳ ಪಟ್ಟಿಯಲ್ಲಿರಬೇಕು. ಎರಡನೆಯದು, ಸರ್ವೆ ಕಲಿಸುತ್ತೇವೆ ಎನ್ನುವುದಾದರೆ ಬಚ್ಚಿಟ್ಟ ಗುರುತುಗಳಿಂದ ನಕ್ಷೆಯನ್ನು ಪರೀಕ್ಷಿಸುವುದನ್ನು ಬಯಲಿನಲ್ಲಿ ನಮ್ಮ ಕೈಯಲ್ಲೇ ಮಾಡಿಸುತ್ತೀರಾ? ಉತ್ತರ ತಡವರಿಸಿದರೆ ಹಣ ನಿಮ್ಮ ಬಳಿಯೇ ಇರಲಿ. ‘ಸರ್ಕಾರಿ ಕೆಲಸ ಗ್ಯಾರಂಟಿ’ ಎಂಬ ಮಾತಿಗಂತೂ ಪ್ರಶ್ನೆಯೇ ಬೇಡ. ಅಂಥ ಗ್ಯಾರಂಟಿ ಕೊಡುವ ಅಧಿಕಾರ ಯಾವ ತರಬೇತಿ ಕೇಂದ್ರಕ್ಕೂ ಇಲ್ಲ.

ಈ ವಿದ್ಯೆ ನಿಮಗೆ ಒಗ್ಗುತ್ತದೆಯೇ ಎಂದು ತಿಳಿಯಲು ಡ್ರೋನೂ ಬೇಡ, ಫೀಸೂ ಬೇಡ. ಐಐಆರ್‌ಎಸ್ ನಡೆಸುವ ಉಚಿತ ಆನ್‌ಲೈನ್ ಕೋರ್ಸುಗಳಿವೆ. ಸ್ವಯಂ ಮತ್ತು ಎನ್‌ಪಿಟಿಇಎಲ್ ತಾಣಗಳಲ್ಲಿ ಐಐಟಿ ಪ್ರೊಫೆಸರ್‌ಗಳ ಪಾಠಗಳಿವೆ. ಪಾಠ ಉಚಿತ, ಸರ್ಟಿಫಿಕೇಟ್ ಬೇಕೆಂದರೆ ಮಾತ್ರ ಪರೀಕ್ಷಾ ಶುಲ್ಕ. ಹೆಚ್ಚಿನವು ಇಂಗ್ಲಿಷಿನಲ್ಲಿವೆ ಎಂಬುದು ನಮ್ಮ ಮಕ್ಕಳಿಗೆ ತೊಡಕೇ, ಅದನ್ನು ಮುಚ್ಚಿಡುವುದಿಲ್ಲ. ಓಪನ್‌ಡ್ರೋನ್‌ಮ್ಯಾಪ್ ಎಂಬ ಮುಕ್ತ ತಂತ್ರಾಂಶ ಸಾಧಾರಣ ಕಂಪ್ಯೂಟರಿನಲ್ಲೂ ಸಣ್ಣ ಕೆಲಸಗಳಿಗೆ ಸಾಕು.

ಮನೆಯ ಹಿತ್ತಿಲಿನ ಒರಳುಕಲ್ಲಿನಿಂದ ಶುರು ಮಾಡಿ. ಮೋಡ ಕವಿದ ಹೊತ್ತು ಒಳ್ಳೆಯದು, ನೆರಳು ಕಾಡುವುದಿಲ್ಲ. ಪಕ್ಕದಲ್ಲಿ 30 ಸೆಂಟಿಮೀಟರಿನ ಸ್ಕೇಲ್ ಇಟ್ಟು, ಅದನ್ನೂ ಒರಳನ್ನೂ ಅಲುಗಿಸದೆ, ಫೋನಿನ ಜೂಮ್ ಮುಟ್ಟದೆ, ಸುತ್ತಲೂ ಐವತ್ತು ಫೋಟೊ ತೆಗೆಯಿರಿ. ಒಮ್ಮೆ ನಿಂತು, ಒಮ್ಮೆ ಬಗ್ಗಿ. ಕಂಪ್ಯೂಟರಿನಲ್ಲಿ ಮೂರು ಆಯಾಮದ ಒರಳು ಮೂಡಿದ ಮೇಲೆ ಸ್ಕೇಲಿನ ಲೆಕ್ಕದಿಂದ ಅದರ ಗುಂಡಿಯ ಅಗಲ ಕಂಡುಹಿಡಿಯಿರಿ. ಆಮೇಲೆ ಟೇಪು ಹಿಡಿದು ನಿಜವಾದ ಅಗಲವನ್ನು ಅಳೆಯಿರಿ. ಎರಡರ ನಡುವೆ ಅಂತರ ಬಂದೇ ಬರುತ್ತದೆ. ಅದು ಎಷ್ಟು, ಏಕೆ ಬಂತು ಎಂದು ಕೂತು ಹುಡುಕುವಷ್ಟು ಕುತೂಹಲ ಹುಟ್ಟಿದರೆ ಡೆಹ್ರಾಡೂನಿನ ಅರ್ಜಿ ತುಂಬಬಹುದು.